ಹೊಲದ ಲೆಕ್ಕ ಹಾಳಾಗದಂತೆ: ವಿಶ್ವವಿದ್ಯಾನಿಲಯದ ಸಂಶೋಧನಾ ಅಂಕಿ-ಅಂಶಗಳ ಸಂರಕ್ಷಣೆ ಮತ್ತು ಹಂಚಿಕೆ



ಮುಂಗಾರು ಹತ್ತಿರವಾದಂತೆ ನಮ್ಮ ಬಳಿಗೆ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಬಗೆಯವು. ರಾಗಿಗೆ ಎಕರೆಗೆ ಎಷ್ಟು ಗೊಬ್ಬರ ಕೊಡಬೇಕು? ಕೊಟ್ಟಿಗೆ ಗೊಬ್ಬರ ಸಾಲದೆ ಹೋದರೆ ಯೂರಿಯಾ ಒಂದನ್ನೇ ಹಾಕಿದರೆ ನಡೆಯುವುದೇ? ಇಂಥ ಪ್ರಶ್ನೆಗೆ ಉತ್ತರ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಆದರೆ ಆ ಒಂದು ಸಾಲನ್ನು ಬರೆಯಲು ಎಷ್ಟು ವರ್ಷಗಳ ಲೆಕ್ಕ ಬೇಕಾಯಿತು, ಆ ಲೆಕ್ಕವನ್ನು ಯಾರು ಬರೆದಿಟ್ಟರು, ಅದು ಈಗ ಎಲ್ಲಿದೆ, ನೀವು ಕೇಳಿದರೆ ಸಿಗುವುದೇ ಎಂಬುದನ್ನು ಯಾರೂ ಕೇಳುವುದಿಲ್ಲ. ಕೇಳಬೇಕು. ಏಕೆಂದರೆ ಆ ಲೆಕ್ಕ ಕಳೆದುಹೋದರೆ ನಿಮಗೆ ಕೊಡುವ ಶಿಫಾರಸಿಗೆ ಬುಡವೇ ಇರುವುದಿಲ್ಲ.

ಯೂರಿಯಾದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಕೆಂಪು ಮಣ್ಣಿನಲ್ಲಿ ಸಾರಜನಕವನ್ನು ಮಾತ್ರ ಕೊಟ್ಟರೆ ಮೊದಲ ವರ್ಷ ಪೈರು ಹಸಿರಾಗಿ ಎದ್ದು ಬರುತ್ತದೆ. ಎರಡನೆಯ ವರ್ಷವೂ ದೊಡ್ಡ ವ್ಯತ್ಯಾಸ ಕಾಣದಿರಬಹುದು. ಒಂದೆರಡು ವರ್ಷದ ಪ್ರಯೋಗವನ್ನಷ್ಟೇ ನೋಡಿದವರು ಯೂರಿಯಾ ಸಾಕೆಂದೇ ಹೇಳಿಯಾರು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1970ರಲ್ಲಿ ದೀರ್ಘಾವಧಿ ರಸಗೊಬ್ಬರ ಪ್ರಯೋಗಗಳನ್ನು ದೇಶದ ಹಲವು ಕೇಂದ್ರಗಳಲ್ಲಿ ಆರಂಭಿಸಿತು. ಒಂದೇ ತಾಕಿಗೆ ಒಂದೇ ಬಗೆಯ ಗೊಬ್ಬರವನ್ನು ವರ್ಷ ವರ್ಷವೂ ಕೊಡುತ್ತಾ ಹೋಗುವುದು ಈ ಪ್ರಯೋಗದ ಕ್ರಮ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೆಂಪು ಮಣ್ಣಿನಲ್ಲಿ ರಾಗಿ ಮತ್ತು ಮೆಕ್ಕೆಜೋಳದ ಸರದಿಯ ಮೇಲೆ ಇಂಥ ಪ್ರಯೋಗ 1986ರಿಂದ ನಡೆದಿದೆ. ವರ್ಷಗಳು ಉರುಳಿದಂತೆ ಸಾರಜನಕವನ್ನು ಮಾತ್ರ ಪಡೆದ ತಾಕುಗಳಲ್ಲಿಯೂ, ಪೊಟ್ಯಾಷ್ ಇಲ್ಲದೆ ಸಾರಜನಕ-ರಂಜಕ ಮಾತ್ರ ಪಡೆದ ತಾಕುಗಳಲ್ಲಿಯೂ ಇಳುವರಿ ಕುಸಿಯಿತು. ಮಣ್ಣು ಹುಳಿಯಾಗುತ್ತಾ ಹೋಯಿತು. ಸಮತೋಲನ ರಸಗೊಬ್ಬರದ ಜೊತೆಗೆ ಕೊಟ್ಟಿಗೆ ಗೊಬ್ಬರವನ್ನೂ ಪಡೆದ ತಾಕುಗಳು ಇಳುವರಿಯನ್ನು ಕಾಯ್ದುಕೊಂಡವು. ಹಿಮಾಚಲ ಪ್ರದೇಶದ ಪಾಲಂಪುರದ ಹುಳಿ ಮಣ್ಣಿನಲ್ಲಂತೂ ಸಾರಜನಕ ಒಂದನ್ನೇ ಪಡೆದ ತಾಕು ಕೊನೆಗೆ ಬೆಳೆಯನ್ನೇ ಕೊಡದ ಸ್ಥಿತಿಗೆ ಬಂದಿತು.

ಈ ಕುಸಿತ ಯಾರ ಕಣ್ಣಿಗೂ ಒಂದೇ ದಿನ ಕಾಣುವಂಥದ್ದಲ್ಲ. ಮಳೆ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ, ತಳಿ ಬದಲಾಗುತ್ತದೆ, ರೋಗ ಬಂದುಹೋಗುತ್ತದೆ. ಈ ಏರಿಳಿತದ ನಡುವೆ ಮಣ್ಣಿನ ಒಳಗಿನ ಬದಲಾವಣೆಯನ್ನು ಬೇರೆ ಮಾಡಿ ತೋರಿಸುವುದು ಹತ್ತು ಹದಿನೈದು ವರ್ಷಗಳ ಕಡಿಯದ ಲೆಕ್ಕ ಮಾತ್ರ. ಪ್ರಯೋಗ ಆರಂಭಿಸಿದ ವಿಜ್ಞಾನಿ ನಿವೃತ್ತರಾದ ಮೇಲೂ ಲೆಕ್ಕ ಮುಂದುವರಿಯಬೇಕು. ಅವರನ್ನು ಎಂದೂ ಕಾಣದವರು ಅದನ್ನು ಓದಿ ತಿಳಿಯುವಂತಿರಬೇಕು.

ಅಂಕಿಯ ಜೊತೆಗೆ ವಿವರ

ವಿಜ್ಞಾನಿಯ ಹಳೆಯ ಪುಸ್ತಕದಲ್ಲಿ "8ನೇ ತಾಕು: 24.6" ಎಂದು ಬರೆದಿದೆ ಎಂದುಕೊಳ್ಳಿ. ಬರೆದವರಿಗೆ ಅದು ಏನೆಂದು ಚೆನ್ನಾಗಿ ಗೊತ್ತಿತ್ತು. ಇಪ್ಪತ್ತು ವರ್ಷದ ಮೇಲೆ ಓದುವವನಿಗೆ? ಅದು ತಾಕಿಗೆ ಕಿಲೋ ಲೆಕ್ಕವೋ, ಹೆಕ್ಟೇರಿಗೆ ಕ್ವಿಂಟಾಲ್ ಲೆಕ್ಕವೋ? ಕಾಳೋ, ತೆನೆಯೋ? ಕೊಯ್ದ ದಿನ ತೂಗಿದ್ದೋ, ಒಣಗಿಸಿದ ಮೇಲೋ? ನೂರರಲ್ಲಿ ಇಪ್ಪತ್ತು ಭಾಗ ತೇವವಿರುವ 100 ಕಿಲೋ ರಾಗಿಯನ್ನು ಹನ್ನೆರಡು ಭಾಗ ತೇವಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು 91 ಕಿಲೋ. ಎರಡು ಗೊಬ್ಬರಗಳ ನಡುವಿನ ವ್ಯತ್ಯಾಸವೇ ಎಷ್ಟೋ ಸಲ ಅಷ್ಟಿರುವುದಿಲ್ಲ.

ಅಳತೆಯ ತೊಡಕನ್ನು ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಖಂಡುಗಕ್ಕೆ ಇಪ್ಪತ್ತು ಕೊಳಗವೆಂಬುದು ಸರಿ, ಆದರೆ ಕೊಳಗಕ್ಕೆ ಎಷ್ಟು ಸೇರು ಎಂಬುದು ಊರಿಂದ ಊರಿಗೆ ಬೇರೆಯಾಗಿತ್ತು. ಅಜ್ಜನ ಕಾಲದ ಲೆಕ್ಕದ ಪುಸ್ತಕದಲ್ಲಿ ಹತ್ತು ಖಂಡುಗ ಭತ್ತವೆಂದು ಬರೆದಿದ್ದರೆ, ಯಾವ ಊರಿನ ಕೊಳಗವೆಂದು ತಿಳಿಯದ ಹೊರತು ಇಂದಿನ ಕ್ವಿಂಟಾಲಿಗೆ ಹೋಲಿಸುವಂತಿಲ್ಲ.

ಇನ್ನೊಂದು ತಪ್ಪು ಮೇಲ್ನೋಟಕ್ಕೆ ತೀರ ಚಿಕ್ಕದು, ಅದರ ಹಾನಿ ಮಾತ್ರ ದೊಡ್ಡದು. ತೂಗದೇ ಬಿಟ್ಟ ವರ್ಷಕ್ಕೆ ಸೊನ್ನೆ ಬರೆಯುವುದು. ಮೂರು ವರ್ಷ ಒಂದು ತಾಕಿನಲ್ಲಿ 20, 18, 22 ಕ್ವಿಂಟಾಲ್ ಬಂದಿದೆ. ನಾಲ್ಕನೆಯ ವರ್ಷ ತೂಕ ಮಾಡಲಾಗಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು "ತೂಗಿಲ್ಲ" ಎಂದು ಬರೆದರೆ ಸರಾಸರಿ 20. ಸೊನ್ನೆ ಬರೆದರೆ ಸರಾಸರಿ 15ಕ್ಕೆ ಇಳಿಯುತ್ತದೆ. ಬರಗಾಲದಲ್ಲಿ ಬೆಳೆ ಪೂರ್ತಿ ಒಣಗಿದ್ದರೆ ಸೊನ್ನೆಯೇ ಸರಿ. ಎರಡನ್ನೂ ಒಂದೇ ಗುರುತಿನಿಂದ ಬರೆದರೆ ಮುಂದೆ ಯಾವ ಯಂತ್ರಕ್ಕೂ ಅದನ್ನು ಬಿಡಿಸಲಾಗದು.

ನಿಮ್ಮ ಕೈಯಲ್ಲಿರುವ ಮಣ್ಣು ಆರೋಗ್ಯ ಚೀಟಿಗೂ ಇದೇ ಮಾತು ಅನ್ವಯಿಸುತ್ತದೆ. 2015ರಲ್ಲಿ ಆರಂಭವಾದ ಆ ಯೋಜನೆಯ ಸೂಚನೆಯಂತೆ ನೀರಾವರಿಯಲ್ಲಿ 2.5 ಹೆಕ್ಟೇರಿಗೆ ಒಂದು, ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದು ಮಾದರಿಯನ್ನು ತೆಗೆದು, ಆ ವಲಯದ ರೈತರೆಲ್ಲರಿಗೂ ಅದರ ಫಲಿತಾಂಶವನ್ನೇ ಕೊಡಲಾಗುತ್ತಿತ್ತು. ಅಂದರೆ ಚೀಟಿಯಲ್ಲಿರುವ ರಸಸಾರ ನಿಮ್ಮ ಹೊಲದ ಮಣ್ಣಿನದೇ ಆಗಿರಬಹುದು, ನೆರೆಯವರ ಹೊಲದ್ದೂ ಆಗಿರಬಹುದು. ಚೀಟಿ ಸುಳ್ಳಲ್ಲ. ಮಾದರಿಯನ್ನು ಎಲ್ಲಿಂದ ತೆಗೆದರೆಂದು ತಿಳಿಯದೆ ಅದನ್ನು ಓದಿದರೆ ತಪ್ಪು ಅರ್ಥ ಬರುತ್ತದೆ, ಅಷ್ಟೆ. ಸುಣ್ಣ ಹಾಕುವ ಖರ್ಚಿಗೆ ಇಳಿಯುವ ಮುನ್ನ ನಿಮ್ಮ ಹೊಲದ ಮಣ್ಣನ್ನೇ ಮತ್ತೊಮ್ಮೆ ಪರೀಕ್ಷೆ ಮಾಡಿಸುವುದು ಒಳಿತು.

ಒಂದು ವಿಶ್ವವಿದ್ಯಾನಿಲಯ ಮಾಡಿದ ಕೆಲಸ

ಹಳೆಯ ಲೆಕ್ಕವನ್ನು ಕಾಯ್ದು, ವಿವರ ಕೂಡಿಸಿ, ಎಲ್ಲರಿಗೂ ಕೊಡುವುದು ಹೇಗೆಂಬುದಕ್ಕೆ ನನಗೆ ತಿಳಿದ ಒಳ್ಳೆಯ ಉದಾಹರಣೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ್ದು. 1960ರಲ್ಲಿ ಪಂತನಗರದಲ್ಲಿ ನಮ್ಮ ದೇಶದ ಮೊದಲ ಕೃಷಿ ವಿಶ್ವವಿದ್ಯಾನಿಲಯ ಹುಟ್ಟಿದಾಗ ನೆರವು ಕೊಟ್ಟದ್ದು ಇದೇ ವಿಶ್ವವಿದ್ಯಾನಿಲಯ. ಅಲ್ಲಿ ಅರ್ಬಾನಾ ಊರಿನ ಆವರಣದಲ್ಲಿ ಮಾರೋ ತಾಕುಗಳು ಎಂಬ ಪ್ರಯೋಗ ಕ್ಷೇತ್ರವಿದೆ. 1876ರಲ್ಲಿ ಆರಂಭವಾದದ್ದು, ಅಮೆರಿಕದಲ್ಲಿ ಇಂದಿಗೂ ನಡೆಯುತ್ತಿರುವ ಬೆಳೆ ಪ್ರಯೋಗಗಳಲ್ಲಿ ಅತ್ಯಂತ ಹಳೆಯದು. ಮೊದಲಿಗೆ ಹತ್ತು ತಾಕುಗಳಿದ್ದವು. ಕಟ್ಟಡಗಳು ಏಳುತ್ತಾ ಬಂದಂತೆ ಮೂರೇ ಉಳಿದವು. ಒಂದರಲ್ಲಿ ವರ್ಷವೂ ಮೆಕ್ಕೆಜೋಳ. ಇನ್ನೊಂದರಲ್ಲಿ ಮೆಕ್ಕೆಜೋಳ ಮತ್ತು ಓಟ್ಸ್ ಸರದಿ ಇತ್ತು, 1967ರಿಂದ ಓಟ್ಸ್ ಬದಲು ಸೋಯಾ ಅವರೆ ಬಂದಿತು. ಮೂರನೆಯದರಲ್ಲಿ ಮೆಕ್ಕೆಜೋಳ, ಓಟ್ಸ್, ಮೇವಿನ ಬೆಳೆಗಳ ಮೂರು ವರ್ಷದ ಸರದಿ. ಈ ತಾಕುಗಳ ಮೇಲೆ ನೆರಳು ಬೀಳಬಾರದೆಂದು 1969ರಲ್ಲಿ ಪಕ್ಕದ ಗ್ರಂಥಾಲಯವನ್ನೇ ನೆಲದ ಅಡಿಯಲ್ಲಿ ಕಟ್ಟಿದರು. ನಮ್ಮಲ್ಲಿ ಪ್ರಯೋಗ ತಾಕಿನ ಮೇಲೆ ಮೊದಲು ಏಳುವುದು ವಾಹನ ನಿಲ್ದಾಣ. ಆ ಮಾತು ಇರಲಿ.

ತಾಕು ಉಳಿದರೂ ಲೆಕ್ಕ ಅಷ್ಟು ಸುಲಭವಾಗಿ ಉಳಿಯಲಿಲ್ಲ. ಈಗ ಸಾರ್ವಜನಿಕರಿಗೆ ಸಿಗುವ ಇಳುವರಿ ಪಟ್ಟಿ ಆರಂಭವಾಗುವುದು 1888ರಿಂದ. ಮೊದಲ ಹನ್ನೆರಡು ವರ್ಷಗಳ ಬೆಳೆ ಅದರಲ್ಲಿಲ್ಲ. ಉತ್ತು, ಬಿತ್ತಿ, ಕೊಯ್ದ ಹನ್ನೆರಡು ವರ್ಷ ಇಂದಿನ ವಿಜ್ಞಾನಕ್ಕೆ ಇಲ್ಲದಂತೆಯೇ ಆಯಿತು. ಆ ವರ್ಷಗಳನ್ನು ಈಗ ಯಾವ ಹಣ ಕೊಟ್ಟೂ ಮತ್ತೆ ಬೆಳೆಯಲಾಗದು.

1888ರಿಂದೀಚಿನ ಲೆಕ್ಕವನ್ನು ಕೃಷಿ ವಿಜ್ಞಾನಿಗಳೂ ಗ್ರಂಥಾಲಯದವರೂ ಒಟ್ಟಾಗಿ ಕುಳಿತು ಒಂದುಗೂಡಿಸಿದರು. 2022ರಲ್ಲಿ ಅದು ಆ ವಿಶ್ವವಿದ್ಯಾನಿಲಯದ ಅಂಕಿ-ಅಂಶ ಭಂಡಾರದಲ್ಲಿ ಪ್ರಕಟವಾಯಿತು. ಈ ಭಂಡಾರವನ್ನು ನಡೆಸುವವರು ಗ್ರಂಥಾಲಯದವರು ಎಂಬುದನ್ನು ಗಮನಿಸಿ. ವಿಜ್ಞಾನಿ ಬರುತ್ತಾನೆ, ಹೋಗುತ್ತಾನೆ. ಯೋಜನೆಯ ಹಣ ಮೂರು ವರ್ಷಕ್ಕೆ ಮುಗಿಯುತ್ತದೆ. ಗ್ರಂಥಾಲಯ ಮಾತ್ರ ಇದ್ದಲ್ಲೇ ಇರುತ್ತದೆ. ಪುಸ್ತಕವನ್ನು ನೂರು ವರ್ಷ ಕಾಯುವ ಅಭ್ಯಾಸ ಅದಕ್ಕಿದೆ. ಲೆಕ್ಕವನ್ನು ಅದರ ವಶಕ್ಕೆ ಒಪ್ಪಿಸುವ ಪದ್ಧತಿ ನನಗೆ ಬಹಳ ಸರಿಯೆನಿಸುತ್ತದೆ.

ಆ ಪಟ್ಟಿಯಲ್ಲಿ ವರ್ಷ, ತಾಕು, ಬೆಳೆ, ತಳಿ, ಗೊಬ್ಬರ, ಬಿತ್ತನೆಯ ದಿನ, ಇಳುವರಿ ಮೊದಲಾದವಕ್ಕೆ ಒಂದೊಂದು ಕಾಲಂ ಇದೆ. ಜೊತೆಗೆ ಪ್ರತಿ ಕಾಲಮ್ಮಿನ ಅರ್ಥವನ್ನು ತಿಳಿಸುವ ವಿವರಣಾ ಪತ್ರವಿದೆ. ಕಾಳಿನ ಇಳುವರಿ ಬುಶೆಲ್ ಎಂಬ ಅಳತೆಯಲ್ಲಿ, ಒಣಮೇವು ಟನ್ನಿನಲ್ಲಿ. ಒಂದು ಬುಶೆಲ್ ಮೆಕ್ಕೆಜೋಳವೆಂದರೆ 56 ಪೌಂಡು, ಸುಮಾರು 25.4 ಕಿಲೋ. ವಿವರಣಾ ಪತ್ರವಿಲ್ಲದೆ ಇದನ್ನು ಓದಿದವನು ಬೇಗ ದಾರಿ ತಪ್ಪುತ್ತಾನೆ. ಆ ತಾಕುಗಳಿಗೆ 1904ರಿಂದ ಭಾಗಶಃ ಕೊಟ್ಟಿಗೆ ಗೊಬ್ಬರ, ಸುಣ್ಣ, ರಂಜಕ ಬಂದವು. 1955ರಿಂದ ಸಾರಜನಕ, ರಂಜಕ, ಪೊಟ್ಯಾಷ್ ರಸಗೊಬ್ಬರ. ನಡುವೆ ಸಂಕರಣ ತಳಿಗಳು. ಇವನ್ನು ಬರೆದಿಡದಿದ್ದರೆ ಇಳುವರಿ ಏಕೆ ಜಿಗಿಯಿತೆಂದು ಮುಂದಿನವರು ಊಹೆ ಮಾಡುತ್ತಾ ಕೂರಬೇಕಿತ್ತು.

ಆ ಭಂಡಾರದಲ್ಲಿ ಇಟ್ಟ ಪ್ರತಿಯೊಂದು ಪಟ್ಟಿಗೂ ಒಂದು ಶಾಶ್ವತ ಸಂಖ್ಯೆ ಇರುತ್ತದೆ. ನಿಮ್ಮ ಜಮೀನಿನ ಸರ್ವೆ ನಂಬರಿನಂತೆಯೇ ಇದು. ಜಮೀನಿನ ಒಡೆಯ ಬದಲಾಗಬಹುದು, ನಂಬರು ಅದೇ. ಪಟ್ಟಿಯನ್ನು ತಿದ್ದಿದರೆ, ಹೊಸ ವರ್ಷಗಳನ್ನು ಸೇರಿಸಿದರೆ ಅದಕ್ಕೆ ಬೇರೆ ಆವೃತ್ತಿಯೆಂಬ ಗುರುತು ಬೀಳುತ್ತದೆ, ಹಳೆಯದೂ ಉಳಿದಿರುತ್ತದೆ. ಯಾವ ಪಟ್ಟಿಯನ್ನು ನೋಡಿ ಯಾರು ಏನು ಹೇಳಿದರೆಂದು ಇದರಿಂದ ಹಿಂದಕ್ಕೆ ಹೋಗಿ ಪರೀಕ್ಷಿಸಬಹುದು.

ಪರೀಕ್ಷಿಸುವ ಅಗತ್ಯ ನಿಜವಾಗಿಯೂ ಬೀಳುತ್ತದೆ. 2007ರಲ್ಲಿ ಅದೇ ವಿಶ್ವವಿದ್ಯಾನಿಲಯದ ಮಣ್ಣು ವಿಜ್ಞಾನಿಗಳು ಮಾರೋ ತಾಕುಗಳ ಹಳೆಯ ಮತ್ತು ಹೊಸ ಮಣ್ಣಿನ ಮಾದರಿಗಳನ್ನು ಹೋಲಿಸಿ ಒಂದು ಪ್ರಬಂಧ ಪ್ರಕಟಿಸಿದರು. ಹೆಚ್ಚು ಸಾರಜನಕ ಕೊಟ್ಟು, ಹೆಚ್ಚು ದಂಟನ್ನು ಮಣ್ಣಿಗೆ ಸೇರಿಸಿದರೂ ಮಣ್ಣಿನ ಸಾವಯವ ಇಂಗಾಲ ಕಡಿಮೆಯಾಗಿದೆ ಎಂಬುದು ಅವರ ವಾದ. ಬೇರೆ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ಗೊಬ್ಬರವಿಲ್ಲದ ತಾಕಿನ ಜೊತೆ ಹೋಲಿಸಿ ನೋಡಬೇಕೆಂದು ವಾದಿಸಿದರು. ಸಾರಜನಕ ಮಣ್ಣನ್ನು ಉಳಿಸುತ್ತದೆಯೋ ಕೆಡಿಸುತ್ತದೆಯೋ ಎಂಬ ಈ ಚರ್ಚೆ ನಿಮ್ಮ ಹೊಲಕ್ಕೂ ಸಂಬಂಧಿಸಿದ್ದೇ. 1904ರಿಂದ ತೆಗೆದ ಮಣ್ಣಿನ ಮಾದರಿಗಳನ್ನು ಅಲ್ಲಿ ಎತ್ತಿಡದಿದ್ದರೆ ಇಂಥ ಚರ್ಚೆಯೇ ನಡೆಯುತ್ತಿರಲಿಲ್ಲ.

ಇಂದಿನ ರಾಶಿ

ಹಿಂದೆ ಒಂದು ತಾಕಿನ ಒಂದು ವರ್ಷದ ಲೆಕ್ಕ ಪುಸ್ತಕದ ಒಂದು ಪುಟದಲ್ಲಿ ಮುಗಿಯುತ್ತಿತ್ತು. ಈಗ ಮಣ್ಣಿನಲ್ಲಿ ಹೂತಿಟ್ಟ ತೇವಮಾಪಕವೊಂದು ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಬರೆದರೆ ದಿನಕ್ಕೆ 96, ವರ್ಷಕ್ಕೆ 35,040 ಅಂಕಿಗಳಾಗುತ್ತವೆ. ಅಂಥ ಹತ್ತು ಮಾಪಕಗಳಿದ್ದರೆ ಮೂರೂವರೆ ಲಕ್ಷ. ಇದರ ಮೇಲೆ ಡ್ರೋನ್ ತೆಗೆದ ಚಿತ್ರಗಳು, ಉಪಗ್ರಹದ ಚಿತ್ರಗಳು, ತಳಿ ಅಭಿವೃದ್ಧಿಯವರ ವಂಶವಾಹಿ ಪಟ್ಟಿಗಳು. ಇದನ್ನು ಕೈಯಲ್ಲಿ ಬರೆಯುವ ಮಾತೇ ಇಲ್ಲ.

ರಾಶಿ ದೊಡ್ಡದಾದಷ್ಟೂ ಕಾವಲು ಬಲವಾಗಬೇಕು. ಬಿತ್ತನೆ ಬೀಜವನ್ನು ಒಂದೇ ಗುಡಾಣದಲ್ಲಿ ಇಡದ ಜಾಣ ರೈತನಂತೆ, ಮುಖ್ಯ ಲೆಕ್ಕದ ಮೂರು ಪ್ರತಿಗಳಿರಬೇಕು. ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಒಂದಾದರೂ ಬೇರೆ ಕಟ್ಟಡದಲ್ಲಿ ಅಥವಾ ಬೇರೆ ಊರಿನಲ್ಲಿ. ಕಾಗದಕ್ಕೆ ಗೆದ್ದಲು ಶತ್ರುವಾದರೆ ಗಣಕಯಂತ್ರದ ಲೆಕ್ಕಕ್ಕೆ ಬೇರೆಯೇ ಶತ್ರು. ಮೂವತ್ತು ವರ್ಷದ ಹಿಂದಿನ ಫ್ಲಾಪಿಯನ್ನು ಓದುವ ಯಂತ್ರ ಇಂದು ಹುಡುಕಿದರೂ ಸಿಗುವುದು ಕಷ್ಟ. ಯಂತ್ರ ಸಿಕ್ಕಿದರೂ ಆ ಕಾಲದ ತಂತ್ರಾಂಶ ಸಿಗುವುದಿಲ್ಲ. ಆದ್ದರಿಂದ ಯಾವುದೇ ಕಂಪನಿಯ ವಿಶೇಷ ತಂತ್ರಾಂಶವನ್ನು ನಂಬದೆ, ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿಯಾಗಿಯೂ ಒಂದು ಪ್ರತಿ ಇಡುವುದು ಕ್ಷೇಮ.

ನಮ್ಮ ದೇಶದಲ್ಲಿಯೂ ದಾರಿ ತೆರೆದಿದೆ. ಸಾರ್ವಜನಿಕ ಹಣದಿಂದ ಸಂಗ್ರಹಿಸಿದ, ಗೋಪ್ಯವಲ್ಲದ ಅಂಕಿ-ಅಂಶಗಳು ಜನರಿಗೆ ಸಿಗಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2012ರಲ್ಲಿ ಒಪ್ಪಿತು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ತನ್ನ ಸಂಸ್ಥೆಗಳ ಸಂಶೋಧನಾ ಲೆಕ್ಕಕ್ಕೆ 'ಕೃಷಿ' ಎಂಬ ಹೆಸರಿನ ಭಂಡಾರವನ್ನು ಅಂತರಜಾಲದಲ್ಲಿ ಕಟ್ಟಿದೆ. ಆದರೂ ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಹಲವು ಪ್ರಯೋಗಗಳ ಮೂಲ ಲೆಕ್ಕ ಇಂದಿಗೂ ವಿಭಾಗದ ಬೀರುವಿನಲ್ಲೇ ಇದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ವಾರ್ಷಿಕ ವರದಿಯಲ್ಲಿ ಸರಾಸರಿ ಅಚ್ಚಾಗುತ್ತದೆ, ತಾಕು ತಾಕಿನ ಅಂಕಿ ಹೊರಗೆ ಬರುವುದಿಲ್ಲ. ತನ್ನ ಬೆವರಿನ ಲೆಕ್ಕವನ್ನು ಇನ್ನೊಬ್ಬರು ಮೊದಲು ಪ್ರಕಟಿಸಿಯಾರೆಂಬ ಭಯ ವಿಜ್ಞಾನಿಗೆ ಇರುತ್ತದೆ. ಅದು ಅನ್ಯಾಯದ ಭಯವಲ್ಲ. ಲೆಕ್ಕ ಬರೆದವನಿಗೆ ಎರಡು ಮೂರು ಬೆಳೆಯ ಕಾಲ ಮೊದಲ ಹಕ್ಕಿರಲಿ. ಜೀವಮಾನವಿಡೀ ಬೀಗ ಹಾಕಿಡುವುದು ಮಾತ್ರ ಸರಿಯಲ್ಲ, ಏಕೆಂದರೆ ಆ ತಾಕನ್ನು ಉತ್ತದ್ದು ಜನರ ತೆರಿಗೆಯ ಹಣ.

ನಿಮ್ಮ ಹೊಲದ ಅಂಕಿ

ಈಗ ನಿಮಗೆ ನೇರವಾಗಿ ಸಂಬಂಧಿಸಿದ ಮಾತು. ವಿಶ್ವವಿದ್ಯಾನಿಲಯದ ಲೆಕ್ಕವೆಲ್ಲ ಅದರ ಜಮೀನಿನಿಂದಲೇ ಬರುವುದಿಲ್ಲ. ರೈತರ ಹೊಲದ ಪ್ರಾತ್ಯಕ್ಷಿಕೆಗಳು, ಸಾಗುವಳಿ ವೆಚ್ಚದ ಸಮೀಕ್ಷೆ, ಮಣ್ಣಿನ ಮಾದರಿ, ಇವೆಲ್ಲ ನಿಮ್ಮಿಂದಲೇ ಬರುತ್ತವೆ. ಅದನ್ನು ಎಲ್ಲರೊಡನೆ ಹಂಚಿಕೊಳ್ಳುವಾಗ ನಿಮ್ಮ ಹೆಸರು, ದೂರವಾಣಿ, ಸಾಲದ ವಿವರ ಹೊರಗೆ ಹೋಗಬಾರದು. ಹೆಸರನ್ನು ಅಳಿಸಿದರೆ ಸಾಕೆಂದು ಎಷ್ಟೋ ಜನ ತಿಳಿದಿದ್ದಾರೆ. ಸಾಲದು. ನಮ್ಮ ರಾಜ್ಯದಲ್ಲಿ 'ಭೂಮಿ' ಯೋಜನೆಯಿಂದಾಗಿ ಪಹಣಿ ಯಾರಿಗಾದರೂ ನೋಡಲು ಸಿಗುತ್ತದೆ. ಪಟ್ಟಿಯಲ್ಲಿ ಗ್ರಾಮ ಮತ್ತು ಸರ್ವೆ ನಂಬರ್ ಉಳಿದಿದ್ದರೆ ಜಮೀನಿನ ಒಡೆಯರ ಹೆಸರು ತಿಳಿಯಲು ಐದು ನಿಮಿಷ ಸಾಕು. ಆದ್ದರಿಂದ ಹಂಚುವ ಪ್ರತಿಯಲ್ಲಿ ಹೋಬಳಿಯ ಮಟ್ಟಕ್ಕೆ ನಿಲ್ಲಿಸಿ, ನಿಖರ ಸ್ಥಳವನ್ನು ಮೂಲ ಪ್ರತಿಯಲ್ಲಿ ಮಾತ್ರ ಇಡಬೇಕು. ವ್ಯಕ್ತಿಗಳ ಡಿಜಿಟಲ್ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದೆ.

ಮಾಹಿತಿ ಕೇಳಲು ಬಂದವರನ್ನು ಸಂಕೋಚವಿಲ್ಲದೆ ವಿಚಾರಿಸಿ. ಯಾವ ಯೋಜನೆಗಾಗಿ ಬಂದಿದ್ದೀರಿ? ಯಾರು ಯಾರು ನೋಡುತ್ತಾರೆ? ನನ್ನ ಹೊಲದ ಫಲಿತಾಂಶ ನನಗೆ ಯಾವಾಗ ಬರುತ್ತದೆ? ಕೊನೆಯ ಪ್ರಶ್ನೆಗೆ ತಿಂಗಳು ಹೇಳಿ ಉತ್ತರಿಸುವವರನ್ನು ನಂಬಿ. ನುಣುಚಿಕೊಳ್ಳುವವರಿಗೆ ಕಾಫಿ ಕೊಟ್ಟು ಕಳುಹಿಸಿ.

ನೀವೂ ಒಂದು ಪುಸ್ತಕ ಇಡಿ. ಖರ್ಚು ವೆಚ್ಚದ ಪುಸ್ತಕ ಹಲವರಲ್ಲಿದೆ, ತಾಕಿನ ಪುಸ್ತಕ ಇರುವವರು ಕಡಿಮೆ. ಪ್ರತಿ ಹೊಲಕ್ಕೆ ಬೇರೆ ಪುಟ. ಮೇಲೆ ಹೊಲದ ಹೆಸರು, ಗುಂಟೆ ಲೆಕ್ಕದಲ್ಲಿ ವಿಸ್ತೀರ್ಣ. ಬಿತ್ತಿದ ದಿನ, ತಳಿ, ಬೀಜ ಎಲ್ಲಿಂದ ಬಂತು, ಗೊಬ್ಬರದ ಹೆಸರು ಮತ್ತು ಕಿಲೋ, ಹಾಕಿದ ದಿನ. "ಎರಡು ಗಾಡಿ ಗೊಬ್ಬರ" ಎಂದು ಬರೆದು ಬಿಡಬೇಡಿ. ಒಮ್ಮೆಯಾದರೂ ನಿಮ್ಮ ಗಾಡಿ ಎಷ್ಟು ಕಿಲೋ ಹಿಡಿಯುತ್ತದೆಂದು ತೂಗಿ ಮೊದಲ ಪುಟದಲ್ಲಿ ಬರೆಯಿರಿ. ನಿಮ್ಮದೇ ಮಳೆಮಾಪಕ ಇದ್ದರೆ ಪ್ರತಿದಿನ ಬೆಳಗ್ಗೆ ಎಂಟೂವರೆಗೆ ನೋಡಿ ಬರೆಯಿರಿ. ಮಳೆ ಬಾರದ ದಿನಕ್ಕೆ ಸೊನ್ನೆ, ನೀವು ಊರಲ್ಲಿಲ್ಲದ ದಿನಕ್ಕೆ "ನೋಡಿಲ್ಲ".

ಹೊಸ ಗೊಬ್ಬರವನ್ನೋ ತಳಿಯನ್ನೋ ಪರೀಕ್ಷಿಸುವಾಗ ಅದೇ ಹೊಲದಲ್ಲಿ ಹಳೆಯ ಪದ್ಧತಿಯ ಒಂದು ಪಟ್ಟಿಯನ್ನು ಬಿಡಿ. ಅದಿಲ್ಲದೆ ಇಳುವರಿ ಹೆಚ್ಚಿದ್ದು ಗೊಬ್ಬರದಿಂದಲೋ ಮಳೆಯಿಂದಲೋ ಎಂದು ಹೇಳುವಂತಿಲ್ಲ. ಕೊಯ್ಲಿಗೆ ಮುಂಚೆ ಎರಡು ಕಡೆಯಲ್ಲೂ ಅಂಚಿನಿಂದ ಒಳಕ್ಕೆ ಸರಿದು, 5 ಮೀಟರ್ ಉದ್ದ 5 ಮೀಟರ್ ಅಗಲದ ಚೌಕವನ್ನು ಹಗ್ಗ ಹಿಡಿದು ಗುರುತಿಸಿ. ಚೆನ್ನಾಗಿ ಬಂದ ಜಾಗವನ್ನು ಆರಿಸಬೇಡಿ. ಕಣ್ಣು ಅತ್ತಲೇ ಎಳೆಯುತ್ತದೆ, ಆದ್ದರಿಂದ ಎಷ್ಟು ಹೆಜ್ಜೆ ಒಳಗೆಂದು ಮೊದಲೇ ನಿಶ್ಚಯಿಸಿಕೊಳ್ಳಿ. ಆ ಚೌಕದ ಬೆಳೆಯನ್ನು ಬೇರೆಯಾಗಿ ಕೊಯ್ದು, ಬಡಿದು, ಒಣಗಿಸಿ ತೂಗಿ. ಬಂದ ಕಿಲೋವನ್ನು 162ರಿಂದ ಗುಣಿಸಿದರೆ ಎಕರೆಯ ಇಳುವರಿ ಸಿಗುತ್ತದೆ. ಪ್ರತಿ ಕಡೆಯಲ್ಲಿ ಇಂಥ ಎರಡು ಮೂರು ಚೌಕಗಳಿದ್ದರೆ ಇನ್ನೂ ಒಳ್ಳೆಯದು. ಎಲ್ಲ ತೂಕಗಳನ್ನೂ ಬರೆಯಿರಿ, ಸರಾಸರಿಯನ್ನು ಮಾತ್ರ ಬರೆದು ಉಳಿದವನ್ನು ಬಿಡಬೇಡಿ.

ಐದಾರು ವರ್ಷದ ಇಂಥ ಪುಸ್ತಕವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಂದರೆ ನಿಮ್ಮ ಹೊಲಕ್ಕೆ ತಕ್ಕ ಗೊಬ್ಬರದ ಪ್ರಮಾಣವನ್ನು ಕುರಿತು ಬಹಳ ಖಚಿತವಾಗಿ ಮಾತನಾಡಬಹುದು. ಅಲ್ಲಿ ನೆರಳಚ್ಚು ಪ್ರತಿಯನ್ನು ಮಾತ್ರ ಕೊಟ್ಟು, ಮೂಲ ಪುಸ್ತಕವನ್ನು ಮನೆಗೆ ತೆಗೆದುಕೊಂಡು ಹೋಗಿ.